ಮಾತು ಕಡಿಮೆ ಇರುವವರು ಟ್ರಾವೆಲ್ ನರ್ಸ್ ಆಗಬಹುದೇ?

ಪ್ರಶ್ನೆ: ಅಮೆರಿಕದ ಓಹಾಯೋ ರಾಜ್ಯದಲ್ಲಿ ಮೂರೂವರೆ ವರ್ಷದಿಂದ ಒಂದೇ ಆಸ್ಪತ್ರೆಯ ಟೆಲಿಮೆಟ್ರಿ (ರೋಗಿಗಳ ಹೃದಯ ಬಡಿತವನ್ನು ಮಾನಿಟರಿನಲ್ಲಿ ಸದಾ ಗಮನಿಸುವ) ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಗ್ರೀನ್ ಕಾರ್ಡ್ ಇದೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡ ಸಂಸ್ಥೆಯ ಜೊತೆಗಿನ ಕರಾರು ಮುಗಿದಿದೆ. ಜೊತೆಯಲ್ಲಿದ್ದ ಇಬ್ಬರು ಟ್ರಾವೆಲ್ ನರ್ಸಿಂಗ್‌ಗೆ, ಅಂದರೆ ಏಜೆನ್ಸಿಯ ಮೂಲಕ ಕೆಲವು ವಾರಗಳ ಕರಾರಿನ ಮೇಲೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ದುಡಿಯುವ ಕೆಲಸಕ್ಕೆ ಹೋದರು. ಒಬ್ಬಳು ಖುಷಿಯಾಗಿದ್ದಾಳೆ, ಇನ್ನೊಬ್ಬಳು ಐದನೇ ವಾರಕ್ಕೇ ಬಿಟ್ಟು ಬಂದಳು. ಈಗ ರಿಕ್ರೂಟರ್ ಒಬ್ಬರು ವಾರ ವಾರ ನನಗೆ ಫೋನ್ ಮಾಡುತ್ತಾರೆ. "ಹೊಂದಿಕೊಳ್ಳುವ ಗುಣ ಒಂದಿದ್ದರೆ ಸಾಕು" ಅನ್ನುತ್ತಾರೆ. ಆದರೆ ನನ್ನದು ಮಾತು ಕಡಿಮೆ. ಹೊಸಬರ ಜೊತೆ ಬೆರೆಯಲು ತಿಂಗಳುಗಟ್ಟಲೆ ಬೇಕು. ಫೋನಿನಲ್ಲಿ ನನ್ನ ಉಚ್ಚಾರ ಕೆಲವು ಡಾಕ್ಟರುಗಳಿಗೆ ತಿಳಿಯುವುದಿಲ್ಲ. ಟ್ರಾವೆಲರ್‌ಗಳಿಗೆ ಕಷ್ಟದ ರೋಗಿಗಳನ್ನೇ ಕೊಡುತ್ತಾರೆ, ದಿನಕ್ಕೊಂದು ವಾರ್ಡಿಗೆ ಅಟ್ಟುತ್ತಾರೆ ಎಂದೂ ಕೇಳಿದ್ದೇನೆ. ನನ್ನಂಥವರಿಗೆ ಇದು ಆಗಿಬರುತ್ತದೆಯೇ? ಬೇಕಾದ ಗುಣಗಳು ಯಾವುವು? ಇಲ್ಲದಿದ್ದರೆ ಕಲಿಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ನಿಮ್ಮ ಸ್ವಭಾವ ಈ ಕೆಲಸಕ್ಕೆ ಒಗ್ಗುತ್ತದೋ ಇಲ್ಲವೋ ಎನ್ನುವುದು. ಇನ್ನೊಂದು, ಹೊರಗಿನವಳೆಂದು ಅನ್ಯಾಯ ಮಾಡಿದರೆ ಏನು ಮಾಡುವುದು ಎನ್ನುವುದು. ಮೊದಲನೆಯದರ ಬಗ್ಗೆ ನೀವು ಅಗತ್ಯಕ್ಕಿಂತ ಹೆಚ್ಚು ಹೆದರಿದ್ದೀರಿ. ಎರಡನೆಯದರಲ್ಲಿ ನಿಜಾಂಶ ಇದೆ. ಅದಕ್ಕೆ ಗುಣಕ್ಕಿಂತ ಮೊದಲು ಕರಾರು ಓದುವ ತಾಳ್ಮೆ ಬೇಕು.

ಕೆಲಸದ ಸ್ವರೂಪದಿಂದಲೇ ಶುರು ಮಾಡೋಣ, ಏಕೆಂದರೆ ಬೇಕಾದ ಗುಣ ಯಾವುದು ಅಂತ ಹೇಳುವುದು ಅದೇ. ಟ್ರಾವೆಲ್ ಕರಾರು ಸಾಮಾನ್ಯವಾಗಿ 13 ವಾರದ್ದು; ವಾರಕ್ಕೆ 12 ಗಂಟೆಯ ಮೂರು ಶಿಫ್ಟ್, ಒಟ್ಟು 36 ಗಂಟೆ. ಖಾಯಂ ನೌಕರಿಗೆ ಸೇರಿದ ಹೊಸ ನರ್ಸಿಗೆ ಪ್ರಿಸೆಪ್ಟರ್ (ಕೆಲಸ ಕಲಿಸುವ ಅನುಭವಿ ನರ್ಸ್) ಜೊತೆ ವಾರಗಟ್ಟಲೆ ತರಬೇತಿ ಸಿಗುತ್ತದೆ. ಟ್ರಾವೆಲರ್‌ಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಶಿಫ್ಟ್, ಅದರಲ್ಲೂ ಅರ್ಧ ದಿನ ಕಂಪ್ಯೂಟರ್ ತರಗತಿಗೆ ಹೋಗಿಬಿಡುತ್ತದೆ. ಆಸ್ಪತ್ರೆ ಹೆಚ್ಚು ದುಡ್ಡು ಕೊಡುವುದು ನಿಮ್ಮ ನಗುಮುಖಕ್ಕಲ್ಲ. ಗೊತ್ತಿಲ್ಲದ ಜಾಗದಲ್ಲಿ ಮೂರನೇ ದಿನಕ್ಕೆ ಪೂರ್ತಿ ರೋಗಿಗಳನ್ನು ತೆಗೆದುಕೊಂಡು, ಯಾರಿಗೂ ಅಪಾಯವಾಗದ ಹಾಗೆ ಶಿಫ್ಟ್ ಮುಗಿಸುತ್ತೀರಲ್ಲ, ಅದಕ್ಕೆ.

ಹಾಗಾಗಿ ಬೇಕಾದ ಗುಣಗಳಲ್ಲಿ ಮೊದಲನೆಯದು ಬೆರೆಯುವ ಸ್ವಭಾವ ಅಲ್ಲ. ಇಲ್ಲಿ ನನಗೆ ಏನು ಗೊತ್ತಿಲ್ಲ ಎಂಬುದನ್ನು ಬೇಗ ಪತ್ತೆಹಚ್ಚಿ, ಅದನ್ನು ಖಚಿತವಾಗಿ, ಹೊತ್ತು ಮೀರುವ ಮೊದಲು ಕೇಳುವ ಅಭ್ಯಾಸ ಬೇಕು. ಇದು ಮಾತುಗಾರರಲ್ಲಿ ಹೆಚ್ಚು, ಮೌನಿಗಳಲ್ಲಿ ಕಡಿಮೆ ಎಂದೇನೂ ಇಲ್ಲ. ಟ್ರಾವೆಲರ್‌ಗಳನ್ನು ಬರಮಾಡಿಕೊಳ್ಳುವ ವಾರ್ಡಿನ ಕಡೆಯಿಂದ ನೋಡಿದರೆ, ಎಡವುವವರು ಅನೇಕ ಸಲ ಅನುಭವಿಗಳೇ, ಆತ್ಮವಿಶ್ವಾಸ ತುಂಬಿದವರೇ. ಹತ್ತು ವರ್ಷ ಒಂದೇ ಕಡೆ ದುಡಿದವರಿಗೆ ಅಲ್ಲಿಯ ಪದ್ಧತಿಯೇ ನರ್ಸಿಂಗ್ ಅನ್ನಿಸಿಬಿಟ್ಟಿರುತ್ತದೆ.

ಗೊತ್ತಿದೆ ಅಂದುಕೊಂಡಲ್ಲೇ ಅಪಾಯ

ನೀವು ಟೆಲಿಮೆಟ್ರಿಯವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಡ್ರಿಪ್ ನಿಮಗೆ ದಿನನಿತ್ಯದ್ದು. ನಿಮ್ಮ ಆಸ್ಪತ್ರೆಯಲ್ಲಿ 250 ಮಿಲಿ ಚೀಲದಲ್ಲಿ 25,000 ಯೂನಿಟ್ ಇದೆ ಅಂದುಕೊಳ್ಳಿ. ಅಂದರೆ ಮಿಲಿಗೆ 100 ಯೂನಿಟ್. ಗಂಟೆಗೆ 12 ಮಿಲಿ ಓಡಿದರೆ 1,200 ಯೂನಿಟ್ ಹೋಗುತ್ತದೆ. ಇದೇ 25,000 ಯೂನಿಟ್ 500 ಮಿಲಿ ಚೀಲದಲ್ಲೂ ಸಿದ್ಧವಾಗಿ ಬರುತ್ತದೆ. ಅಲ್ಲಿ ಅದೇ 12 ಮಿಲಿಗೆ 600 ಯೂನಿಟ್ ಮಾತ್ರ. "ಇಷ್ಟು ತೂಕದವರಿಗೆ ಸಾಮಾನ್ಯವಾಗಿ ಇಷ್ಟು ಮಿಲಿ ಓಡುತ್ತದೆ" ಎಂದು ನಿಮ್ಮ ಕೈಗೆ ಬಂದಿರುವ ಅಂದಾಜು ಹೊಸ ಜಾಗದಲ್ಲಿ ಅರ್ಧವೋ ದುಪ್ಪಟ್ಟೋ ಆಗಿಬಿಡಬಹುದು. ಒಂದು ಆಸ್ಪತ್ರೆ ಪಿಟಿಟಿಯನ್ನು, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸೆಕೆಂಡುಗಳನ್ನು ನೋಡಿ ಡ್ರಿಪ್ ಬದಲಿಸುತ್ತದೆ, ಇನ್ನೊಂದು ರಕ್ತದಲ್ಲಿ ಹೆಪಾರಿನ್ ಪ್ರಭಾವವನ್ನು ಅಳೆಯುವ ಆಂಟಿ-ಟೆನ್-ಎ ಮಟ್ಟ 0.3ರಿಂದ 0.7ರೊಳಗೆ ಇದೆಯೇ ಎಂದು ನೋಡುತ್ತದೆ. ಕೆಲವು ಕಡೆ ರೋಗಿಯ ನಿಜವಾದ ತೂಕ ಲೆಕ್ಕಕ್ಕೆ ಬರುತ್ತದೆ, ಕೆಲವು ಕಡೆ ಹೊಂದಿಸಿದ ತೂಕ. ಒಂದು ಕಡೆ ಇಬ್ಬರು ನರ್ಸ್‌ಗಳು ಪ್ರತ್ಯೇಕವಾಗಿ ಲೆಕ್ಕ ಹಾಕಿ ತಾಳೆ ನೋಡಬೇಕು, ಇನ್ನೊಂದು ಕಡೆ ಬೋಲಸ್‌ಗೆ (ಒಂದೇ ಸಲಕ್ಕೆ ಕೊಡುವ ದೊಡ್ಡ ಡೋಸ್‌ಗೆ) ಮಾತ್ರ ಆ ನಿಯಮ.

ಇನ್ನೂ ಸರಳವಾದದ್ದು ಕೈಪಟ್ಟಿಯ ಬಣ್ಣ. 2005ರಲ್ಲಿ ಪೆನ್ಸಿಲ್ವೇನಿಯಾದ ರೋಗಿ ಸುರಕ್ಷತಾ ಸಂಸ್ಥೆ ಒಂದು ಘಟನೆಯನ್ನು ಪ್ರಕಟಿಸಿತು. ಒಬ್ಬ ನರ್ಸ್ ರೋಗಿಯ ಕೈಗೆ ಹಳದಿ ಪಟ್ಟಿ ಹಾಕಿದ್ದರು. ಅವರು ಕೆಲಸ ಮಾಡುತ್ತಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ಹಳದಿ ಎಂದರೆ ಆ ಕೈಯಿಂದ ರಕ್ತ ತೆಗೆಯಬೇಡಿ ಎಂದರ್ಥ. ಈ ಆಸ್ಪತ್ರೆಯಲ್ಲಿ ಹಳದಿ ಎಂದರೆ ಉಸಿರು ನಿಂತರೆ ಪುನಶ್ಚೇತನ ಮಾಡಬೇಡಿ ಎಂದು. ರೋಗಿಗೆ ಹೃದಯಸ್ತಂಭನವಾದಾಗ ತಂಡ ಅರೆಕ್ಷಣ ಕೈಬಿಡುವುದರಲ್ಲಿತ್ತು. ಇನ್ನೊಬ್ಬ ನರ್ಸ್ ತಪ್ಪು ಗುರುತಿಸಿದ್ದರಿಂದ ಜೀವ ಉಳಿಯಿತು. ಆಮೇಲೆ ಅನೇಕ ರಾಜ್ಯಗಳು ಬಣ್ಣಗಳನ್ನು ಏಕರೂಪ ಮಾಡಿಕೊಂಡವು: ಕೆಂಪು ಅಲರ್ಜಿಗೆ, ಹಳದಿ ಬೀಳುವ ಅಪಾಯಕ್ಕೆ, ನೇರಳೆ ಪುನಶ್ಚೇತನ ಬೇಡ ಎಂಬುದಕ್ಕೆ. ಹಾಗೆಂದು ಎಲ್ಲೆಡೆ ಇದೇ ಇದೆ ಎಂದು ನಂಬಿ ಹೋಗಬಾರದು. ಆ ನರ್ಸ್ ಅಜ್ಞಾನಿಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಅವರಿಗೆ ಒಂದು ಆಸ್ಪತ್ರೆಯ ಪದ್ಧತಿ ಚೆನ್ನಾಗಿಯೇ ಗೊತ್ತಿತ್ತು.

ಕೇಳುವುದರಲ್ಲೂ ಹದ ಇದೆ. "ನೀವಿಲ್ಲಿ ಹೆಪಾರಿನ್ ಹೇಗೆ ಮಾಡ್ತೀರಿ?" ಎಂದು ಕೇಳಿದರೆ ಎದುರಿನವರು ತಮ್ಮ ಕೆಲಸ ಬಿಟ್ಟು ಪಾಠ ಮಾಡಬೇಕಾಗುತ್ತದೆ. "ಇಲ್ಲಿ ಪಿಟಿಟಿಯೋ ಆಂಟಿ-ಟೆನ್-ಎಯೋ, ರೇಟ್ ಬದಲಿಸುವುದು ನಾವೋ ಫಾರ್ಮಸಿಯೋ, ಎರಡನೇ ನರ್ಸ್ ಸಹಿ ಎಲ್ಲಿ ಹಾಕಬೇಕು?" ಎಂದು ಕೇಳಿದರೆ ಹತ್ತು ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ, ಜೊತೆಗೆ ಇವಳಿಗೆ ಕೆಲಸ ಗೊತ್ತು ಎಂಬ ಭರವಸೆಯೂ ಹುಟ್ಟುತ್ತದೆ. ಮೊದಲ ಶಿಫ್ಟಿನಲ್ಲಿ ಏನೇನು ಕೇಳಿಕೊಳ್ಳಬೇಕೆಂಬ ಚೀಟಿಯನ್ನು ಮನೆಯಲ್ಲೇ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ. ಕ್ರ್ಯಾಶ್ ಕಾರ್ಟ್ (ತುರ್ತು ಔಷಧ-ಉಪಕರಣಗಳ ಗಾಡಿ) ಎಲ್ಲಿದೆ, ಕೋಡ್ (ಹೃದಯ ನಿಂತಾಗಿನ ತುರ್ತು ಕರೆ) ಕರೆಯಲು ಯಾವ ನಂಬರ್ ಒತ್ತಬೇಕು, ರ‍್ಯಾಪಿಡ್ ರೆಸ್ಪಾನ್ಸ್ ತಂಡವನ್ನು ನರ್ಸ್ ತಾನೇ ಕರೆಯಬಹುದೇ, ಶಿಫ್ಟಿನ ಉಸ್ತುವಾರಿ ಹೊತ್ತ ಚಾರ್ಜ್ ನರ್ಸ್ ಫೋನ್ ನಂಬರ್ ಏನು, ರಾತ್ರಿ ಯಾವ ಡಾಕ್ಟರುಗಳ ಗುಂಪಿಗೆ ಪೇಜ್ ಮಾಡಬೇಕು, ಪಂಪ್ ಯಾವ ಕಂಪನಿಯದು, ಮಾನಿಟರ್ ನೋಡುವವರು ಇದೇ ವಾರ್ಡಿನಲ್ಲಿದ್ದಾರೋ ಬೇರೆ ಕಟ್ಟಡದಲ್ಲೋ, ಅವರು ಯಾವ ಬದಲಾವಣೆಗೆ ಫೋನ್ ಮಾಡುತ್ತಾರೆ, ರಕ್ತದ ಚೀಲ ತರಲು ಯಾರು ಹೋಗಬೇಕು, ಔಷಧದ ಯಂತ್ರದಲ್ಲಿ ನನ್ನ ಲಾಗಿನ್ ಇವತ್ತೇ ಕೆಲಸ ಮಾಡುತ್ತದೆಯೇ. ಕೊನೆಯದನ್ನು ಶಿಫ್ಟ್ ಶುರುವಾದ ಐದು ನಿಮಿಷದೊಳಗೆ ಪರೀಕ್ಷಿಸಿ. ಲಾಗಿನ್ ಇಲ್ಲದೆ ಒಂಬತ್ತು ಗಂಟೆಯ ಮಾತ್ರೆಗಳನ್ನು ಹಿಡಿದು ಪರದಾಡುವ ಟ್ರಾವೆಲರ್‌ಗಳು ಪ್ರತಿ ಸೋಮವಾರ ಸಿಗುತ್ತಾರೆ.

ಇದರ ಬೆನ್ನಿಗೇ ಬರುವ ಇನ್ನೊಂದು ಗುಣ ಹೋಲಿಸದೆ ಇರುವುದು. "ನಮ್ಮ ಹಳೇ ಆಸ್ಪತ್ರೆಯಲ್ಲಿ ಹೀಗಿರಲಿಲ್ಲ" ಎಂಬ ಮಾತು ಎಷ್ಟು ನಿಜವಾಗಿದ್ದರೂ ಮೊದಲ ತಿಂಗಳು ಬಾಯಿಂದ ಹೊರಬರಬಾರದು. ಆ ವಾರ್ಡಿನವರು ಜನ ಸಾಲದೆ ತಿಂಗಳುಗಟ್ಟಲೆ ಒದ್ದಾಡಿದ್ದಾರೆ. ಪಕ್ಕದಲ್ಲಿ ನಿಂತು ಅವರಿಗಿಂತ ಹೆಚ್ಚು ಸಂಬಳ ಪಡೆಯುವವರು ತಪ್ಪು ಎಣಿಸತೊಡಗಿದರೆ ಆ ಬಾಗಿಲು ಮುಚ್ಚಿದಂತೆ.

ಮೌನದ ಲಾಭ, ಮೌನದ ನಷ್ಟ

ಮಾತು ಕಡಿಮೆ ಇರುವವರು ಗಮನಿಸುವುದು ಹೆಚ್ಚು. ಹೊಸ ಜಾಗದಲ್ಲಿ ಇದು ದೊಡ್ಡ ಅನುಕೂಲ. ವಾರ್ಡಿನ ಒಳಜಗಳಗಳಲ್ಲಿ ಪಕ್ಷ ಹಿಡಿಯದೆ ಇರುವುದೂ ನಿಮಗೆ ಸಹಜವಾಗಿ ಬರುತ್ತದೆ. ವಾಚಾಳಿ ಟ್ರಾವೆಲರ್‌ಗಳು ಎರಡನೇ ವಾರಕ್ಕೇ ಯಾವುದೋ ಒಂದು ಗುಂಪಿನವರಾಗಿ ಕೂತಿರುತ್ತಾರೆ. ಹದಿಮೂರು ವಾರಕ್ಕೆ ಗೆಳೆತನ ಬೇಕಾಗಿಲ್ಲ, ನಂಬಿಕೆ ಸಾಕು.

ನಷ್ಟ ಬೇರೆ ಕಡೆ ಇದೆ. ನಿಮ್ಮನ್ನು ಮೂರು ವರ್ಷದಿಂದ ಬಲ್ಲವರಿಗೆ ನಿಮ್ಮ ಮೌನ ಎಂದರೆ "ಎಲ್ಲ ಸರಿ ಇದೆ" ಎಂದರ್ಥ. ಅಪರಿಚಿತರಿಗೆ ಅದೇ ಮೌನ ಜಂಬವಾಗಿಯೋ, ಏನನ್ನೋ ಮುಚ್ಚಿಡುತ್ತಿರುವ ಹಾಗೆಯೋ ಕಾಣುತ್ತದೆ. ಇನ್ನೂ ಗಂಭೀರವಾದದ್ದು, ರೋಗಿಯ ಸ್ಥಿತಿ ಕೆಡುತ್ತಿರುವಾಗ "ಇನ್ನೊಂದು ಅರ್ಧ ಗಂಟೆ ನೋಡೋಣ" ಎಂದು ಸುಮ್ಮನಿರುವುದು. ಪರಿಚಿತ ಜಾಗದಲ್ಲಿ ಪಕ್ಕದ ನರ್ಸ್ ನಿಮ್ಮ ಮುಖ ನೋಡಿಯೇ ಬಂದು ಕೇಳುತ್ತಾರೆ. ಹೊಸ ಜಾಗದಲ್ಲಿ ನಿಮ್ಮ ಮುಖ ಓದಬಲ್ಲವರು ಯಾರೂ ಇಲ್ಲ.

ಇದಕ್ಕೆ ಸ್ವಭಾವ ಬದಲಿಸಿಕೊಳ್ಳಬೇಕಾಗಿಲ್ಲ. ಮೂರು ಜಾಗದಲ್ಲಿ ಮಾತ್ರ ಕಡ್ಡಾಯವಾಗಿ ಬಾಯಿ ತೆರೆಯಬೇಕು. ಶಿಫ್ಟಿನ ಆರಂಭದಲ್ಲಿ ಚಾರ್ಜ್ ನರ್ಸ್ ಬಳಿ ಅರ್ಧ ನಿಮಿಷ: ಹೆಸರು, ಟೆಲಿಮೆಟ್ರಿಯವಳು ಎಂಬುದು, ಇದು ಇಲ್ಲಿ ಎಷ್ಟನೇ ಶಿಫ್ಟ್, ಯಾವುದು ಇನ್ನೂ ಮಾಡಿಲ್ಲ. ಎರಡನೆಯದು ಶಿಫ್ಟ್ ನಡುವೆ ಒಮ್ಮೆ, ಕೇಳುವ ಮೊದಲೇ, ರೋಗಿಗಳು ಹೇಗಿದ್ದಾರೆ ಎಂದು ಎರಡು ವಾಕ್ಯ. ಮೂರನೆಯದು ಸ್ಥಿತಿ ಕೆಟ್ಟಾಗ, ಆಗ ಎಸ್‌ಬಿಎಆರ್ ಕ್ರಮವನ್ನು ಬಿಡಬೇಡಿ: ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜೇನು, ನಿಮ್ಮಿಂದ ಏನು ಬೇಕು. ಮಿತಭಾಷಿಗಳು ನುಂಗಿಬಿಡುವುದು ಸಾಮಾನ್ಯವಾಗಿ ಕೊನೆಯ ಭಾಗವನ್ನು. ಬಿಪಿ 84ಕ್ಕೆ ಇಳಿದಿದೆ ಎಂದು ಹೇಳಿ ಸುಮ್ಮನಾಗುತ್ತಾರೆ, "ಬಂದು ನೋಡಿ" ಎನ್ನುವುದಿಲ್ಲ. ಡಾಕ್ಟರರು "ಸರಿ, ಗಮನಿಸಿ" ಎಂದು ಫೋನ್ ಇಡುತ್ತಾರೆ.

ಉಚ್ಚಾರದ ಬಗ್ಗೆ: ಅಮೆರಿಕದವರ ಹಾಗೆ ಮಾತಾಡಲು ಹೋಗಬೇಡಿ, ಅದರಿಂದ ಇನ್ನಷ್ಟು ಗೊಂದಲವೇ ಆದೀತು. ವೇಗ ತಗ್ಗಿಸಿ. ಸಂಖ್ಯೆಗಳನ್ನು ಎರಡು ರೀತಿ ಹೇಳಿ: "ಫಿಫ್ಟೀನ್, ಒನ್ ಫೈವ್", "ಫಿಫ್ಟಿ, ಫೈವ್ ಝೀರೋ". ಒಂದೇ ಥರ ಕೇಳಿಸುವ ಔಷಧದ ಹೆಸರನ್ನು ಅಕ್ಷರ ಬಿಡಿಸಿ ಹೇಳಿ, ಅದು ಯಾತಕ್ಕೆ ಎಂಬುದನ್ನೂ ಸೇರಿಸಿ. ಫೋನಿನ ಆದೇಶವನ್ನು ಬರೆದುಕೊಂಡು, ಬರೆದದ್ದನ್ನೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಇದು ಇಂಗ್ಲಿಷ್ ಮಾತೃಭಾಷೆಯವರಿಗೂ ಇರುವ ನಿಯಮ, ಆದ್ದರಿಂದ ಮುಜುಗರಪಡುವಂಥದ್ದೇನಿಲ್ಲ.

ಅನ್ಯಾಯ ಬೇರೆ, ಅಪಾಯ ಬೇರೆ

ಟ್ರಾವೆಲರ್‌ಗಳನ್ನು ಮೊದಲು ಫ್ಲೋಟ್ ಮಾಡುತ್ತಾರೆ (ಜನ ಸಾಲದ ಬೇರೆ ವಾರ್ಡಿಗೆ ಕಳಿಸುತ್ತಾರೆ) ಎಂಬುದು ಬಹಳ ಆಸ್ಪತ್ರೆಗಳಲ್ಲಿ ನಿಜ. ಅದು ನಿಮ್ಮ ಮೇಲಿನ ದ್ವೇಷದಿಂದಲ್ಲ. ಖಾಯಂ ನೌಕರರನ್ನು ಅವರ ವಾರ್ಡಿನಲ್ಲೇ ಉಳಿಸಿಕೊಳ್ಳಬೇಕೆಂದು ಆಡಳಿತಕ್ಕೆ ಇರುತ್ತದೆ, ಕೆಲವೆಡೆ ಯೂನಿಯನ್ ಒಪ್ಪಂದದಲ್ಲೇ ಹಾಗೆ ಬರೆದಿರುತ್ತದೆ. ಮೂರೂ ಐಸೊಲೇಶನ್ ರೋಗಿಗಳು ನಿಮ್ಮ ಪಾಲಿಗೆ ಬರುವುದು, ಕಾರಿಡಾರಿನ ಎರಡು ತುದಿಯ ಕೋಣೆಗಳು ಸಿಗುವುದು, ಮೊದಲ ಅಡ್ಮಿಶನ್ ನಿಮ್ಮ ತಲೆಗೇ ಕಟ್ಟುವುದು, ಇವೆಲ್ಲ ಆಗುತ್ತವೆ. ಇವು ಅನ್ಯಾಯ ಇರಬಹುದು, ಅಪಾಯವಲ್ಲ. ನುಂಗಿಕೊಳ್ಳಬೇಕು. ನಿಮ್ಮ ಹಿರಿತನ, ಒಳ್ಳೆಯ ಹೆಸರು, ಮೂರು ವರ್ಷದ ದುಡಿಮೆ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನು ಸಹಿಸುವ ಶಕ್ತಿ ಈ ಕೆಲಸಕ್ಕೆ ಬೇಕು. ಇದನ್ನು ಕಲಿಸುವುದು ಕಷ್ಟ. ಮೆಚ್ಚುಗೆ ಸಿಗದಿದ್ದರೆ ಮನೆಗೆ ಹೋಗಿ ನಿದ್ದೆಗೆಡುವವರಿಗೆ ಟ್ರಾವೆಲ್ ನರ್ಸಿಂಗ್ ಆಗಿಬರುವುದಿಲ್ಲ. ಅವರು ಕೆಟ್ಟ ನರ್ಸ್ ಎಂದಲ್ಲ, ಬೇರೂರಿ ಕೆಲಸ ಮಾಡುವವರು ಎಂದಷ್ಟೇ.

ನುಂಗಬಾರದ್ದು ಇನ್ನೊಂದು. ಟೆಲಿಮೆಟ್ರಿಯವರಿಗೆ ವೆಂಟಿಲೇಟರ್ ಮೇಲಿರುವ ರೋಗಿಯನ್ನೋ, ಕೀಮೋ ಕೊಡಬೇಕಾದವರನ್ನೋ, ಹೆರಿಗೆ ವಾರ್ಡಿನವರನ್ನೋ ಒಪ್ಪಿಸಿದರೆ ಬೇಡ ಎನ್ನಬೇಕು, ಅದೂ ರಿಪೋರ್ಟ್ (ಹಿಂದಿನ ನರ್ಸ್ ಕೊಡುವ ರೋಗಿಯ ವಿವರ) ತೆಗೆದುಕೊಳ್ಳುವ ಮೊದಲು. ರೋಗಿಯನ್ನು ಒಪ್ಪಿಕೊಂಡ ಮೇಲೆ ಇನ್ನೊಬ್ಬರಿಗೆ ಒಪ್ಪಿಸದೆ ಬಿಟ್ಟು ಹೋದರೆ ಹೆಚ್ಚಿನ ರಾಜ್ಯಗಳ ನರ್ಸಿಂಗ್ ಬೋರ್ಡುಗಳು ಅದನ್ನು ರೋಗಿಯನ್ನು ಕೈಬಿಟ್ಟ ಅಪರಾಧವಾಗಿ ನೋಡುತ್ತವೆ. ಒಪ್ಪಿಕೊಳ್ಳುವ ಮೊದಲು ನಿರಾಕರಿಸುವುದು ಬೇರೆ ವಿಷಯ. ಹೇಳುವ ಬಗೆಯೂ ಮುಖ್ಯ: "ವೆಂಟಿಲೇಟರ್ ನನ್ನ ತರಬೇತಿಯಲ್ಲಿಲ್ಲ, ಆ ರೋಗಿಯ ಜವಾಬ್ದಾರಿ ತೆಗೆದುಕೊಳ್ಳಲಾರೆ. ಆದರೆ ಈ ವಾರ್ಡಿನಲ್ಲಿ ವೈಟಲ್ಸ್, ಔಷಧ, ರಕ್ತ ತೆಗೆಯುವುದು, ಎರಡು ಸ್ಥಿರ ರೋಗಿಗಳು, ಇಷ್ಟನ್ನು ನೋಡಿಕೊಳ್ಳುತ್ತೇನೆ." ಚಾರ್ಜ್ ನರ್ಸ್ ಒಪ್ಪದಿದ್ದರೆ ಆ ಹೊತ್ತಿನಲ್ಲಿ ಇಡೀ ಆಸ್ಪತ್ರೆಯ ಮೇಲ್ವಿಚಾರಣೆ ಮಾಡುವ ಹೌಸ್ ಸೂಪರ್‌ವೈಸರ್, ಆಮೇಲೆ ಏಜೆನ್ಸಿಯ ಕ್ಲಿನಿಕಲ್ ವಿಭಾಗ. ರಿಕ್ರೂಟರ್ ಅಲ್ಲ, ಅವರು ನರ್ಸ್ ಅಲ್ಲದೆಯೂ ಇರಬಹುದು. ಟೆಕ್ಸಾಸ್‌ನಲ್ಲಿ ಇದಕ್ಕೆ ಸೇಫ್ ಹಾರ್ಬರ್ ಎಂಬ ಕಾನೂನು ರಕ್ಷಣೆಯೇ ಇದೆ, ಆದರೆ ಕೆಲಸ ಶುರು ಮಾಡುವ ಮುನ್ನ ಅಥವಾ ಕೊಟ್ಟ ಕೆಲಸ ನಡುವೆ ಬದಲಾದಾಗ ಕೇಳಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನಿನ ಮಿತಿ ಇದೆ: ಈಗ ಟೆಲಿಮೆಟ್ರಿಯಲ್ಲಿ ನಾಲ್ಕು, ಸಾಮಾನ್ಯ ಚಿಕಿತ್ಸೆ-ಶಸ್ತ್ರಚಿಕಿತ್ಸೆಯ ವಾರ್ಡಾದ ಮೆಡ್-ಸರ್ಜ್‌ನಲ್ಲಿ ಐದು, ಐಸಿಯುನಲ್ಲಿ ಎರಡು. ಬಹುತೇಕ ಬೇರೆ ರಾಜ್ಯಗಳಲ್ಲಿ ಇಂಥ ಮಿತಿ ಇಲ್ಲ. ಟೆಲಿಮೆಟ್ರಿಯಲ್ಲಿ ಆರು ಮಂದಿಯನ್ನೂ ಕೊಡಬಹುದು. ಐದನೇ ವಾರಕ್ಕೆ ಬಿಟ್ಟು ಬಂದ ನಿಮ್ಮ ಗೆಳತಿಯ ಸೋಲು ಸ್ವಭಾವದ್ದೋ ಈ ಸಂಖ್ಯೆಯದ್ದೋ, ಅವರನ್ನೇ ಕೇಳಿ ನೋಡಿ.

ಟ್ರಾವೆಲರ್‌ಗಳು ಬಂದರೆ ಗುಣಮಟ್ಟ ಇಳಿಯುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಐಕನ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2007ರಲ್ಲೂ 2013ರಲ್ಲೂ ಪ್ರಕಟಿಸಿದ್ದಾರೆ. ಏಜೆನ್ಸಿ ನರ್ಸ್‌ಗಳು ಹೆಚ್ಚಿರುವ ಕಡೆ ಕಾಣುವ ಕೆಟ್ಟ ಫಲಿತಾಂಶಕ್ಕೆ ಆ ನರ್ಸ್‌ಗಳಿಗಿಂತ ಆಸ್ಪತ್ರೆಯ ಕೆಲಸದ ವಾತಾವರಣವೇ ಕಾರಣ ಎಂಬುದು ಅದರ ಸಾರ. ಯಾರಾದರೂ ಚುಚ್ಚಿದಾಗ ವಾದ ಮಾಡಬೇಕಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ಕಾಗದದ ಶಿಸ್ತು

ಗುಣಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ. ನನ್ನ ಅಂದಾಜಿನಲ್ಲಿ ಕೇಳುವ ಅಭ್ಯಾಸದ ನಂತರದ ಸ್ಥಾನ ಇದಕ್ಕೇ. ಲೈಸೆನ್ಸ್, ಜೀವ ಉಳಿಸುವ ತುರ್ತು ತರಬೇತಿಯ ಪ್ರಮಾಣಪತ್ರಗಳಾದ ಬಿಎಲ್‌ಎಸ್, ಎಸಿಎಲ್‌ಎಸ್, ಲಸಿಕೆ ಫಲಿಸಿದೆಯೇ ಎಂದು ತೋರಿಸುವ ಟೈಟರ್ ವರದಿಗಳು, ಟಿಬಿ ಪರೀಕ್ಷೆ, ಮಾಸ್ಕಿನ ಫಿಟ್ ಟೆಸ್ಟ್, ಎಲ್ಲದರ ಪ್ರತಿ ಒಂದೇ ಕಡೆ ಇರಬೇಕು, ಯಾವುದು ಎಂದು ಮುಗಿಯುತ್ತದೆ ಎಂಬ ಪಟ್ಟಿಯ ಜೊತೆ. ಬಿಎಲ್‌ಎಸ್ ಎರಡು ವರ್ಷಕ್ಕೆ ಮುಗಿಯುತ್ತದೆ. ಕರಾರಿನ ನಡುವೆ ಮುಗಿದರೆ ಆ ದಿನದಿಂದ ಶಿಫ್ಟ್ ಇಲ್ಲ, ಸಂಬಳವೂ ಇಲ್ಲ.

ನಿಮಗೆ ನಿರ್ದಿಷ್ಟವಾಗಿ ಒಂದು ವಿಷಯ. ಓಹಾಯೋ 2023ರ ಜನವರಿ 1ರಿಂದ ನರ್ಸ್ ಲೈಸೆನ್ಸ್ ಕಾಂಪ್ಯಾಕ್ಟಿನಲ್ಲಿದೆ, ಅಂದರೆ ಒಂದೇ ಲೈಸೆನ್ಸಿನಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಲು ಬಿಡುವ ರಾಜ್ಯಗಳ ಒಪ್ಪಂದದಲ್ಲಿದೆ. ಅಂದಮಾತ್ರಕ್ಕೆ ನಿಮ್ಮ ಲೈಸೆನ್ಸ್ ಬಹುರಾಜ್ಯದ್ದು ಎಂದು ತಿಳಿಯಬೇಡಿ. ಒಂದೇ ರಾಜ್ಯದ ಲೈಸೆನ್ಸ್ ತಾನಾಗಿ ಬದಲಾಗುವುದಿಲ್ಲ. ಬೆರಳಚ್ಚು ಕೊಟ್ಟು ಅರ್ಜಿ ಹಾಕಿ ಬದಲಿಸಿಕೊಳ್ಳಬೇಕು. ನರ್ಸಿಸ್ ತಾಣದಲ್ಲಿ ನಿಮ್ಮ ಹೆಸರು ಹುಡುಕಿದರೆ ಯಾವುದೆಂದು ಉಚಿತವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾ ಕಾಂಪ್ಯಾಕ್ಟಿನಲ್ಲಿಲ್ಲ, ಅಲ್ಲಿಗೆ ಪ್ರತ್ಯೇಕ ಲೈಸೆನ್ಸ್ ಬೇಕು.

ಕರಾರಿನಲ್ಲಿ ನೋಡಬೇಕಾದದ್ದು ಗಂಟೆಯ ದರವನ್ನಲ್ಲ, ಅದರ ಸುತ್ತಲಿನ ಷರತ್ತುಗಳನ್ನು. ಗ್ಯಾರಂಟಿ ಗಂಟೆ ಎಷ್ಟು? ರೋಗಿಗಳು ಕಡಿಮೆ ಎಂದು ಶಿಫ್ಟ್ ರದ್ದು ಮಾಡಿದರೆ ದುಡ್ಡು ಸಿಗುತ್ತದೆಯೇ, ಎರಡು ವಾರದಲ್ಲಿ ಎಷ್ಟು ಸಲ ಹಾಗೆ ಮಾಡಬಹುದು? ನೀವು ಹುಷಾರಿಲ್ಲದೆ ತಪ್ಪಿಸಿಕೊಂಡ ಗಂಟೆಗೆ ದಂಡ ಎಷ್ಟು? ಯಾವ ಯಾವ ವಾರ್ಡಿಗೆ ಫ್ಲೋಟ್? ಬೇಕಾದ ರಜೆಯ ದಿನಾಂಕ ಕರಾರಿನಲ್ಲೇ ಇರಬೇಕು, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಆಸ್ಪತ್ರೆ ಕರಾರನ್ನು ನಡುವೆಯೇ ರದ್ದು ಮಾಡಬಹುದು, ಮಾಡುತ್ತದೆ ಕೂಡ. ಆದ್ದರಿಂದ ಮೂರು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟು ಮನೆ ಹಿಡಿಯಬೇಡಿ. ಮೊದಲ ಎರಡು ವಾರ ವಾರದ ಲೆಕ್ಕದ ಜಾಗದಲ್ಲಿದ್ದು, ಬಿಡುವ ಷರತ್ತು ಸಡಿಲವಾಗಿರುವ ಕಡೆ ಆಮೇಲೆ ಹೋಗಿ. ಕೈಯಲ್ಲಿ ಎರಡು ತಿಂಗಳ ಖರ್ಚು ಇಲ್ಲದೆ ಹೊರಡಬೇಡಿ. ಸಾಲ ತೀರಿಸುವ ಅವಸರಕ್ಕೆ ಹೋದವರು ಅಪಾಯದ ಶಿಫ್ಟನ್ನೂ ಬೇಡ ಎನ್ನಲಾರರು.

ಸಂಬಳದಲ್ಲಿ ಒಂದು ಭಾಗ ತೆರಿಗೆ ಬೀಳುವ ಗಂಟೆಯ ದರ, ಇನ್ನೊಂದು ವಸತಿ-ಊಟದ ಸ್ಟೈಪೆಂಡ್. ಮನೆಯಿಂದ 50 ಮೈಲಿ ದೂರ ಹೋದರೆ ಸ್ಟೈಪೆಂಡಿಗೆ ತೆರಿಗೆ ಇಲ್ಲ ಎಂಬುದು ಬಾಯಿಂದ ಬಾಯಿಗೆ ಹರಡಿದ ಸುಳ್ಳು. ತೆರಿಗೆ ಇಲಾಖೆಯಾದ ಐಆರ್‌ಎಸ್‌ನಲ್ಲಿ ಅಂಥ ನಿಯಮ ಇಲ್ಲ; ಅದನ್ನು ತಮ್ಮ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಆಸ್ಪತ್ರೆಗಳೂ ಏಜೆನ್ಸಿಗಳೂ. ಐಆರ್‌ಎಸ್ ನೋಡುವುದು ನಿಮಗೆ ತೆರಿಗೆಯ ದೃಷ್ಟಿಯಿಂದ ಒಂದು ನಿಜವಾದ ನೆಲೆ ಇದೆಯೇ, ಎರಡು ಕಡೆ ಖರ್ಚಾಗುತ್ತಿದೆಯೇ ಎಂದು. ಓಹಾಯೋದ ಮನೆ ಖಾಲಿ ಮಾಡಿ, ಗೆಳತಿಯ ಮನೆಯಲ್ಲಿ ಪೆಟ್ಟಿಗೆ ಇಟ್ಟು ಹೊರಟರೆ ನೀವು ನೆಲೆಯಿಲ್ಲದವರ ಲೆಕ್ಕಕ್ಕೆ ಸೇರುತ್ತೀರಿ, ಸ್ಟೈಪೆಂಡಿಗೂ ತೆರಿಗೆ ಬೀಳುತ್ತದೆ. ಒಂದೇ ಊರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇರುವ ನಿರೀಕ್ಷೆ ಹುಟ್ಟಿದ ದಿನದಿಂದಲೂ ಹಾಗೇ. ಗಂಟೆಯ ದರವನ್ನು ತೀರ ಕೆಳಗಿಟ್ಟು ಸ್ಟೈಪೆಂಡ್ ಉಬ್ಬಿಸಿದ ಕರಾರು ಕೈಗೆ ಹೆಚ್ಚು ಹಣ ತಂದಂತೆ ಕಂಡರೂ, ಮನೆ ಸಾಲ ಕೇಳುವಾಗ, ಮುಂದೆ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಯ ಲೆಕ್ಕ ಹಾಕುವಾಗ ನಿಮ್ಮ ಆದಾಯ ಕಡಿಮೆ ಕಾಣುತ್ತದೆ. ಏಜೆನ್ಸಿಯ ಆರೋಗ್ಯ ವಿಮೆ ಕರಾರಿನ ಜೊತೆಗೇ ನಿಲ್ಲಬಹುದು. ಕೆಲಸ ಮುಗಿದ ಮೇಲೂ ಸ್ವಂತ ಖರ್ಚಿನಲ್ಲಿ ವಿಮೆ ಉಳಿಸಿಕೊಳ್ಳಲು ಬಿಡುವ ಕೋಬ್ರಾ ಕಾನೂನಿನಡಿ ಅದನ್ನು ಮುಂದುವರಿಸಬೇಕೇ ಎಂದು ನಿರ್ಧರಿಸಲು 60 ದಿನ ಸಮಯವಿದೆ, ಎರಡು ಕರಾರಿನ ನಡುವಿನ ಖಾಲಿ ದಿನಗಳಿಗೆ ಇದನ್ನು ನೆನಪಿಡಿ.

ನಿಮ್ಮ ಮುಂದಿರುವ ದಾರಿಗಳು

ಕಲಿಯಬಹುದೇ ಎಂಬುದಕ್ಕೆ ಕೆಲಸ ಬಿಡದೆಯೇ ಉತ್ತರ ಕಂಡುಕೊಳ್ಳಬಹುದು. ನಿಮ್ಮ ಮ್ಯಾನೇಜರ್ ಬಳಿ ಹೋಗಿ, ಮುಂದಿನ ಎರಡು ತಿಂಗಳಲ್ಲಿ ಆರು ಶಿಫ್ಟ್ ನಾನಾಗಿಯೇ ಬೇರೆ ವಾರ್ಡಿಗೆ ಫ್ಲೋಟ್ ಹೋಗುತ್ತೇನೆ ಎನ್ನಿ. ಯಾವ ಮ್ಯಾನೇಜರೂ ಇದನ್ನು ತಳ್ಳಿಹಾಕುವುದು ಅಪರೂಪ. ಪ್ರತಿ ಶಿಫ್ಟಿನ ಕೊನೆಗೆ ಬರೆದಿಡಿ: ಮೊದಲ ಪ್ರಶ್ನೆ ಕೇಳಲು ಎಷ್ಟು ಹೊತ್ತು ತೆಗೆದುಕೊಂಡೆ, ಬೆಳಗಿನ ಔಷಧ ಎಷ್ಟು ತಡವಾಯಿತು, ಯಾವಾಗ ಸುಮ್ಮನಿದ್ದು ಆಮೇಲೆ ಪಶ್ಚಾತ್ತಾಪಪಟ್ಟೆ. ಮೊದಲೆರಡು ಶಿಫ್ಟ್ ಕೆಟ್ಟದಾಗಿಯೇ ಇರುತ್ತವೆ, ಅವನ್ನು ಬಿಡಿ. ಐದನೆಯದೂ ಆರನೆಯದೂ ಹಗುರವಾಗಿದ್ದರೆ ಉಳಿದದ್ದು ಅಭ್ಯಾಸದ ಮಾತು. ಆರನೆಯದಕ್ಕೆ ಹೋಗುವ ಮುನ್ನಾ ದಿನವೂ ಹೊಟ್ಟೆ ತೊಳಸಿದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಿ.

ಆಮೇಲೆ ಒಂದು ದಾರಿ ನಿಮ್ಮದೇ ಆಸ್ಪತ್ರೆಯ ಫ್ಲೋಟ್ ಪೂಲ್, ಅಂದರೆ ಅಗತ್ಯವಿದ್ದ ವಾರ್ಡಿಗೆ ಹೋಗುವ ನರ್ಸ್‌ಗಳ ಗುಂಪು. ಗಂಟೆಗೆ ಸ್ವಲ್ಪ ಹೆಚ್ಚು ಸಿಗುತ್ತದೆ, ವಿಮೆ-ರಜೆ ಉಳಿಯುತ್ತದೆ, ವ್ಯವಸ್ಥೆ ಪರಿಚಿತ. ಟ್ರಾವೆಲ್‌ನಷ್ಟು ಹಣ ಬರುವುದಿಲ್ಲ. ಇನ್ನೊಂದು, ಮನೆಯಿಂದಲೇ ಓಡಾಡಬಹುದಾದ ಲೋಕಲ್ ಕರಾರು. ಇದರಲ್ಲಿ ರಾತ್ರಿ ನಿಮ್ಮ ಮನೆಯಲ್ಲೇ ಮಲಗುವುದರಿಂದ ಪೂರ್ತಿ ಸಂಬಳಕ್ಕೆ ತೆರಿಗೆ ಬೀಳುತ್ತದೆ, ಆದರೆ ಮನೆ ಹುಡುಕುವ ತಲೆನೋವು, ಒಂಟಿತನ ಎರಡೂ ಇಲ್ಲ. ಹೊಸ ಜಾಗದ ಪರೀಕ್ಷೆ ಮಾತ್ರ ಇರುತ್ತದೆ. ನಿಮ್ಮಂಥವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ನೇರವಾಗಿ 13 ವಾರದ ದೂರದ ಕರಾರಿಗೇ ಹೋಗುವುದಾದರೆ ಒಂದೇ ಸಲ ಎಲ್ಲವನ್ನೂ ಹೊಸದು ಮಾಡಿಕೊಳ್ಳಬೇಡಿ. ಟೆಲಿಮೆಟ್ರಿಯೇ ಇರಲಿ. ರೋಗಿಗಳ ದಾಖಲೆ ಬರೆಯುವುದನ್ನು (ಚಾರ್ಟಿಂಗ್) ಎಪಿಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿ ರೂಢಿಯಾಗಿದ್ದರೆ ಎಪಿಕ್ ಇರುವ ಆಸ್ಪತ್ರೆ ಆರಿಸಿ. ಈಗ ಹಗಲಿನವರಾದರೆ ರಾತ್ರಿ ಶಿಫ್ಟ್ ಒಪ್ಪಬೇಡಿ, ಎರಡನ್ನೂ ತಿರುಗಿಸುವ ಕರಾರಂತೂ ಬೇಡವೇ ಬೇಡ. ಕಾರಿನಲ್ಲಿ ಒಂದು ದಿನದಲ್ಲಿ ವಾಪಸ್ ಬರುವಷ್ಟು ದೂರ ಸಾಕು. ಫೋನ್ ಸಂದರ್ಶನದಲ್ಲಿ ವಾರ್ಡ್ ಮ್ಯಾನೇಜರ್‌ಗೆ ನೀವೂ ಪ್ರಶ್ನೆ ಕೇಳಬೇಕು: ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ರಾತ್ರಿ ಎಷ್ಟು, ಚಾರ್ಜ್ ನರ್ಸ್ ತಾನೂ ರೋಗಿಗಳನ್ನು ತೆಗೆದುಕೊಳ್ಳುತ್ತಾರೆಯೇ, ಈಗ ವಾರ್ಡಿನಲ್ಲಿ ಟ್ರಾವೆಲರ್‌ಗಳು ಎಷ್ಟು ಮಂದಿ, ಅವರಲ್ಲಿ ಕರಾರು ಮುಂದುವರಿಸಿದವರು ಯಾರಾದರೂ ಇದ್ದಾರೆಯೇ. ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ನಾನು ಆ ಕರಾರನ್ನು ಬಿಡುತ್ತೇನೆ, ದರ ಎಷ್ಟೇ ಇರಲಿ. ಸಂದರ್ಶನವನ್ನೇ ಇಡದೆ ಅರ್ಜಿ ನೋಡಿ ಒಪ್ಪಿಕೊಳ್ಳುವ ಆಸ್ಪತ್ರೆಗಳೂ ಇವೆ. ಮೊದಲ ಸಲಕ್ಕೆ ಅಂಥದ್ದು ಬೇಡ.

ರಿಕ್ರೂಟರ್ ಬಗ್ಗೆ ಎರಡು ಮಾತು. ಅವರು ಕೆಟ್ಟವರಲ್ಲ, ಆದರೆ ಅವರ ಆದಾಯ ನೀವು ಸಹಿ ಹಾಕುವುದರ ಮೇಲೆ ನಿಂತಿದೆ. ಒಬ್ಬರ ಮಾತನ್ನೇ ಕೇಳದೆ ಎರಡು-ಮೂರು ಏಜೆನ್ಸಿಗಳ ಕರಾರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅವರು ಕಳಿಸುವ ಸ್ಕಿಲ್ಸ್ ಚೆಕ್‌ಲಿಸ್ಟನ್ನು, ಪ್ರತಿ ಕೌಶಲಕ್ಕೆ ಒಂದರಿಂದ ನಾಲ್ಕರವರೆಗೆ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳುವ ಆ ಹಾಳೆಯನ್ನು, ಫ್ಲೋಟ್ ಶಿಫ್ಟುಗಳು ಮುಗಿದ ಮೇಲೆ ತುಂಬಿ. "ಹೆಚ್ಚು ಅಂಕ ಹಾಕಿ, ಬೇಗ ಸಿಗುತ್ತದೆ" ಎಂದು ಅವರು ಹೇಳಬಹುದು. ಆಸ್ಪತ್ರೆ ನಿಮ್ಮನ್ನು ಯಾವ ವಾರ್ಡಿಗೆ ಕಳಿಸಬಹುದೆಂದು ತೀರ್ಮಾನಿಸುವುದು ಅದೇ ಹಾಳೆ ನೋಡಿ. ವರ್ಷಕ್ಕೊಮ್ಮೆ ಮಾಡಿದ ಕೆಲಸಕ್ಕೆ ನಾಲ್ಕು ಹಾಕಿದ್ದರೆ, ಅದು ನನಗೆ ಬರುವುದಿಲ್ಲ ಎಂದು ಆಮೇಲೆ ಚಾರ್ಜ್ ನರ್ಸ್ ಮುಂದೆ ಹೇಳಲು ನಿಮಗೆ ಬಾಯಿ ಇರುವುದಿಲ್ಲ.